ಹೊಡೆಯಬೇಕೋ ಕಾಯಬೇಕೋ

ಎಲಿಕಾಟ್ ಸಿಟಿ

ಅಮೆರಿಕಕ್ಕೆ ಹೋಗಿ ಬಂದವರು ಜಲಪಾತದ ಫೋಟೊ ತೋರಿಸುತ್ತಾರೆ, ಎತ್ತರದ ಕಟ್ಟಡಗಳನ್ನು ತೋರಿಸುತ್ತಾರೆ. ನನ್ನ ಫೋನಿನಲ್ಲಿ ಇರುವುದು ಆಟದ ಮೈದಾನದ ಒಂದು ಹಸಿರು ಕುರ್ಚಿ. ಕುರ್ಚಿ ಖಾಲಿ ಇದೆ. ನೋಡಿದವರು "ಏನ್ರೀ ಟೀಚರ್, ಅಷ್ಟು ದೂರ ಹೋಗಿ ಕುರ್ಚಿ ನೋಡಿ ಬಂದ್ರೇನು?" ಎಂದು ನಗುತ್ತಾರೆ. ನಾನೂ ನಗುತ್ತೇನೆ. ಒಂದೆರಡು ಮಾತಿನಲ್ಲಿ ಹೇಳಿ ಮುಗಿಸುವ ವಿಷಯವಲ್ಲವಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ನನ್ನ ತಂಗಿ ಸುನಂದಾ ಮೇರಿಲ್ಯಾಂಡಿನ ಎಲಿಕಾಟ್ ಸಿಟಿಯಲ್ಲಿ ಮಕ್ಕಳ ಡಾಕ್ಟರು. ಅವಳ ಗಂಡ ಶ್ರೀಕಾಂತ ಸೇತುವೆಗಳ ಎಂಜಿನಿಯರು. ಹಿಂದಿನ ವರ್ಷ ದಸರಾ ಮುಗಿದ ವಾರ, ಒಂದು ಭಾನುವಾರ, ಎದೆನೋವು ಬಂದು ಶ್ರೀಕಾಂತ ತೀರಿಕೊಂಡ. ಕೋವಿಡ್ ಬಂದು ಹೋದ ಮೇಲೆ ವೀಸಾದ ಸಾಲು ಹನುಮಂತನ ಬಾಲವಾಗಿತ್ತು. ನಾನು ಹುಬ್ಬಳ್ಳಿಯಿಂದ ಹೊರಟು ತಂಗಿಯ ಬಾಗಿಲಿಗೆ ಬರುವಷ್ಟರಲ್ಲಿ ಯುಗಾದಿ. ಎಲ್ಲರೂ ಅತ್ತು ಮುಗಿದ ಮೇಲೆ ಬಂದೆನಲ್ಲ ಎಂದು ಸಂಕಟವಾಗಿತ್ತು. ಆದರೆ ಆ ಮನೆಯಲ್ಲಿ ಯಾರೂ ಸರಿಯಾಗಿ ಅತ್ತೇ ಇರಲಿಲ್ಲ.

ಸುನಂದಾ ಬೆಳಿಗ್ಗೆ ಕ್ಲಿನಿಕ್ಕಿಗೆ ಹೋಗುತ್ತಿದ್ದಳು, ಸಂಜೆ ಬಂದು ಅನ್ನಕ್ಕಿಡುತ್ತಿದ್ದಳು. ಕೇಳಿದ್ದಕ್ಕೆ ಉತ್ತರ, ಅಷ್ಟೇ. ಚಿಕ್ಕಂದಿನಲ್ಲಿ ನನ್ನ ಜಡೆ ಹಿಡಿದು ಜಗಳವಾಡುತ್ತಿದ್ದವಳು ಇವಳೇನಾ ಎನ್ನಿಸುತ್ತಿತ್ತು. ಶನಿವಾರ ಬಂತೆಂದರೆ ಕನ್ನಡದವರು ಡಬ್ಬಿ ಹಿಡಿದು ಬರುತ್ತಿದ್ದರು. ಮೈಸೂರಿನ ಒಬ್ಬ ಹುಡುಗಿ ಬಿಸಿಬೇಳೆಬಾತಿನ ಪಾತ್ರೆ ಟೇಬಲ್ಲಿನ ಮೇಲಿಟ್ಟು ಹೇಳಿದಳು: "ಅಂಕಲ್‌ಗೆ ಎಷ್ಟು ಪೇಷನ್ಸ್ ಅಲ್ವಾ ಆಂಟಿ! ನಮ್ಮ ಮಗನಿಗೆ ಮ್ಯಾಥ್ಸ್ ಹೇಳ್ಕೊಡ್ತಿದ್ರು, ಒಂದಿನಾನೂ ರೇಗ್ಲಿಲ್ಲ. ಅಂಥ ತಾಳ್ಮೆ ಯಾರಲ್ಲೂ ನೋಡಿಲ್ಲ."

ಬಂದವರೆಲ್ಲ ಹೆಚ್ಚು ಕಡಿಮೆ ಇದನ್ನೇ ಹೇಳುತ್ತಿದ್ದರು. ತಾಳ್ಮೆ ಎಂಬ ಮಾತು ಬಂದ ಕೂಡಲೇ ನನ್ನ ತಂಗಿ ಎದ್ದು ಅಡುಗೆಮನೆಗೆ ಹೋಗಿ ನಲ್ಲಿ ಬಿಡುತ್ತಿದ್ದಳು. ತೊಳೆಯಲು ಅಲ್ಲಿ ಒಂದು ಲೋಟವೂ ಇರುತ್ತಿರಲಿಲ್ಲ.

ಒಂದು ಸಂಜೆ ಅವಳೇ ಮಾತು ತೆಗೆದಳು. "ಅಕ್ಕಾ, ಕ್ಯಾರೊಲಿನಾಕ್ಕ ಹೋಗಿ ಬರೂಣು. ಅಲ್ಲಿ ಗ್ರೌಂಡಿನೊಳಗ ಅವರ ಕುರ್ಚಿ ಅವ. ಬಿಟ್ಟು ಕೊಡ್ತೀನಿ."

ಶ್ರೀಕಾಂತ ಅಮೆರಿಕಕ್ಕೆ ಬಂದಾಗ ಮೊದಲು ಓದಿದ್ದು ದಕ್ಷಿಣ ಕ್ಯಾರೊಲಿನಾದ ಒಂದು ಕಾಲೇಜಿನಲ್ಲಿ. ಓದು ಮುಗಿದರೂ ಆ ಕಾಲೇಜಿನ ಬೇಸ್‌ಬಾಲ್ ತಂಡದ ಹುಚ್ಚು ಬಿಡಲಿಲ್ಲ. ಪ್ರತಿ ವರ್ಷ ಎರಡು ಕುರ್ಚಿಗಳನ್ನು, ತನಗೊಂದು ಸುನಂದಾಳಿಗೊಂದು, ಆಟದ ಇಡೀ ಋತುವಿಗೆ ತನ್ನ ಹೆಸರಿಗೆ ಇರಿಸಿಕೊಂಡು, ವಸಂತ ಬಂತೆಂದರೆ ಮೇರಿಲ್ಯಾಂಡಿನಿಂದ ಕಾರು ಓಡಿಸಿಕೊಂಡು ಹೋಗುತ್ತಿದ್ದ. ಪಕ್ಕದ ಕುರ್ಚಿಯಲ್ಲಿ ವಾಲ್ಟರ್ ಎಂಬ ಹಿರಿಯರು. ಇಪ್ಪತ್ತು ವರ್ಷ ಇಬ್ಬರೂ ಅಲ್ಲಿ ಕುಳಿತು ಒಂದೇ ಜಗಳ ಆಡಿದರಂತೆ.

"ಫೋನ್ ಮಾಡಿ ಹೇಳಿದ್ರ ಆಗೂದಿಲ್ಲೇನು?" ಎಂದೆ.

"ಆಗ್ತದ. ಆದ್ರ ವಾಲ್ಟರ್‌ಗೆ ಎದುರಿಗೇ ಹೇಳಬೇಕು," ಎಂದಳು.

ವಾಷಿಂಗ್ಟನ್

ಹೊರಡುವ ಮೊದಲು ಸುನಂದಾಳ ಮಗಳು ಅನಘಾ ನನಗೆ ರಾಜಧಾನಿ ತೋರಿಸಿದಳು. ಅವಳು ಹುಟ್ಟಿದ್ದು ಇಲ್ಲಿಯೇ, ರಾಕ್‌ವಿಲ್‌ನ ಒಂದು ಲ್ಯಾಬಿನಲ್ಲಿ ಕೆಲಸ. ಮೆಟ್ರೊ ನಿಲ್ದಾಣದ ಚಲಿಸುವ ಮೆಟ್ಟಿಲು ಪಾತಾಳಕ್ಕೆ ಇಳಿದಂತೆ ಇಳಿಯುತ್ತದೆ. ನಾನು ಎಡಗಡೆ ಕಂಬಿ ಹಿಡಿದು ಆರಾಮಾಗಿ ನಿಂತೆ. ಹಿಂದಿನಿಂದ ಒಬ್ಬರು "ಎಕ್ಸ್‌ಕ್ಯೂಸ್ ಮಿ" ಎಂದರು. ಇನ್ನೊಬ್ಬರೂ ಎಂದರು. ಆ ಊರಿನಲ್ಲಿ ನಿಲ್ಲುವವರು ಬಲಕ್ಕೆ, ಅವಸರದವರು ಎಡಕ್ಕೆ. ಎಲ್ಲಿಯೂ ಬರೆದಿಲ್ಲ, ಎಲ್ಲರಿಗೂ ಗೊತ್ತು. ನಮ್ಮಲ್ಲಿ ಬರೆದು ಹಾಕಿದ್ದನ್ನೂ ಯಾರೂ ಓದುವುದಿಲ್ಲ ಎಂದು ಅನಘಾಳಿಗೆ ಹೇಳಿ ಮಾನ ಉಳಿಸಿಕೊಂಡೆ.

ಚೆರ್ರಿ ಹೂವಿನ ಕಾಲ ಮುಗಿಯುತ್ತ ಬಂದಿತ್ತು. ಕೆರೆಯ ದಂಡೆಯ ತುಂಬ ಎಸಳು ಬಿದ್ದಿತ್ತು. ಬೆಂಚಿನ ಮೇಲೆ ಕುಳಿತಾಗ ಅನಘಾ ನೀರು ನೋಡುತ್ತ ಹೇಳಿದಳು:

"ದೊಡ್ಡಮ್ಮ, ಅಮ್ಮಗೆ ಎಲ್ಲಾರೂ ಪೇಷನ್ಸ್ ಪೇಷನ್ಸ್ ಅಂತ ಹೇಳ್ತಾರಲ್ಲ... ಶಿ ಹೇಟ್ಸ್ ಇಟ್. ಆ ಸಂಡೇ ನಾನು ಮನೇಲಿ ಇದ್ದೆ. ಅಪ್ಪಗೆ ಬೆಳಿಗ್ಗೆನೇ ಪೇನ್ ಬಂತು. ಅಪ್ಪ ಹೇಳಿದ್ರು, ಗ್ಯಾಸ್ ಇರಬೇಕು, ಸ್ವಲ್ಪ ನೋಡೋಣ. ಅಮ್ಮ ಹಾಸ್ಪಿಟಲ್‌ಗೆ ಹೋಗೋಣ ಅಂದ್ರು. ಅಪ್ಪ ಮತ್ತೆ ನೋಡೋಣ ಅಂದ್ರು. ಆಮೇಲೆ ಅಮ್ಮನೂ ಓಕೆ ಅಂದ್ರು. ಶಿ ಗೇವ್ ಹಿಮ್ ಸಮ್‌ಥಿಂಗ್ ಫಾರ್ ಗ್ಯಾಸ್. ಮಧ್ಯಾಹ್ನ ಆ್ಯಂಬುಲೆನ್ಸ್ ಬಂತು, ಬಟ್ ಇಟ್ ವಾಸ್ ಟೂ ಲೇಟ್."

"ಅಮ್ಮ ನಿನ್ನ ಜೊತಿ ಇದರ ಬಗ್ಗೆ ಮಾತಾಡಿದ್ದಾಳೇನು?" ಎಂದೆ.

"ಇಲ್ಲ. ಒನ್ಸ್ ಕೂಡ ಇಲ್ಲ."

ಆಗ ನನಗೆ ಆ ಖಾಲಿ ಪಾತ್ರೆಕಟ್ಟೆಯೂ ಬಿಟ್ಟ ನಲ್ಲಿಯೂ ಅರ್ಥವಾದವು. ನಮ್ಮಲ್ಲಿ ಸತ್ತವರ ತಪ್ಪನ್ನು ಯಾರೂ ಎತ್ತುವುದಿಲ್ಲ. ಇದ್ದಾಗ ನೂರು ಹೆಸರಿಟ್ಟವರೂ ಹೋದ ಮೇಲೆ ದೇವರಂಥ ಮನುಷ್ಯ ಎನ್ನುತ್ತಾರೆ. ಅದು ಒಳ್ಳೆಯ ಪದ್ಧತಿಯೆಂದೇ ನಾನು ತಿಳಿದಿದ್ದೆ. ಆದರೆ ನನ್ನ ತಂಗಿಗೆ ಆ ದೇವರಂಥ ಮನುಷ್ಯನ ಮೇಲೆ ಸಿಟ್ಟು ಬಂದಿತ್ತು. ತನ್ನ ಮೇಲೆ ಅದಕ್ಕಿಂತ ಹೆಚ್ಚು ಬಂದಿತ್ತು. ಅದನ್ನು ಯಾರ ಮುಂದೆ ಇಳಿಸುವುದೆಂದು ತಿಳಿಯದೆ ಆರು ತಿಂಗಳು ಹೊತ್ತುಕೊಂಡು ತಿರುಗಿದ್ದಳು.

ದಾರಿ

ಶ್ರೀಕಾಂತನ ಕಾರಿನಲ್ಲಿಯೇ ಹೊರಟೆವು. ವರ್ಜೀನಿಯಾ ದಾಟುವವರೆಗೆ ಸುನಂದಾ ಓಡಿಸಿದಳು, ಆಮೇಲೆ ಅನಘಾ. ರಸ್ತೆಯ ಎರಡೂ ಕಡೆ ಪೈನ್ ಮರದ ಗೋಡೆ. ಅದರ ಹಿಂದೆ ಊರಿದೆಯೋ ಇಲ್ಲವೋ ಗೊತ್ತಾಗುವುದಿಲ್ಲ. ಹುಬ್ಬಳ್ಳಿಯಿಂದ ಬೆಂಗಳೂರಿಗೆ ಹೋದರೆ ದಾರಿಯುದ್ದಕ್ಕೂ ಯಾರಾದರೂ ಎಮ್ಮೆ ಹೊಡೆದುಕೊಂಡು ಬರುತ್ತಾರೆ, ಯಾರಾದರೂ ಸೌತೆಕಾಯಿ ಮಾರುತ್ತಾರೆ. ಇಲ್ಲಿ ಮನುಷ್ಯರನ್ನು ನೋಡಬೇಕೆಂದರೆ ಪೆಟ್ರೋಲು ಹಾಕುವ ಜಾಗದಲ್ಲಿ ಇಳಿಯಬೇಕು. ಅಲ್ಲಿಯೂ ಪೆಟ್ರೋಲನ್ನು ನಾವೇ ಹಾಕಿಕೊಳ್ಳಬೇಕು.

ದಕ್ಷಿಣ ಕ್ಯಾರೊಲಿನಾದ ಗಡಿ ದಾಟಿ ಎಷ್ಟೋ ಹೊತ್ತಾದ ಮೇಲೆ ಕಾರಿನ ರೇಡಿಯೊ ತಾನಾಗಿಯೇ ಮಾತಾಡತೊಡಗಿತು. ಶ್ರೀಕಾಂತ ಕಾಲೇಜಿನ ಊರಿನ ಸ್ಟೇಷನ್ನಿಗೆ ತಿರುಗಿಸಿ ಇಟ್ಟದ್ದನ್ನು ಯಾರೂ ಬದಲಿಸಿರಲಿಲ್ಲ. ಅಲ್ಲಿಯವರೆಗೆ ಗೊರಗೊರ ಎನ್ನುತ್ತಿದ್ದದ್ದು ಊರು ಹತ್ತಿರವಾದಂತೆ ಮನುಷ್ಯರ ಧ್ವನಿಯಾಯಿತು. ಅನಘಾ ಅದನ್ನು ನಿಲ್ಲಿಸಲು ಕೈ ಚಾಚಿದಳು.

"ಇರ್ಲಿ ಬಿಡು," ಎಂದಳು ಸುನಂದಾ.

ಜನ ಫೋನ್ ಮಾಡಿ ತಮ್ಮ ಕಾಲೇಜಿನ ತಂಡವನ್ನು ಬೈಯುವ ಕಾರ್ಯಕ್ರಮ ಅದು. ಬೈಗುಳದಲ್ಲಿ ಎಂಥ ಶ್ರದ್ಧೆ! ಒಬ್ಬ ಹೆಂಗಸು ಚರ್ಚಿನಿಂದ ಬರುತ್ತ ಫೋನ್ ಮಾಡಿದ್ದೇನೆ ಎಂದಳು, ಒಬ್ಬ ಟ್ರ್ಯಾಕ್ಟರಿನ ಮೇಲೆ ಕುಳಿತು ಮಾತಾಡುತ್ತಿದ್ದ. ಎಲ್ಲರ ದೂರೂ ಒಂದೇ, ನಮ್ಮ ಹುಡುಗರು ಬ್ಯಾಟು ಬೀಸುತ್ತಿಲ್ಲ.

ನಾನು ಗಣಿತದ ಟೀಚರಾಗಿ ನಿವೃತ್ತಳಾದವಳು, ಚಿಕ್ಕಂದಿನಿಂದ ಕ್ರಿಕೆಟ್ಟಿನ ಹುಚ್ಚಿ. ಟೆಸ್ಟ್ ಮ್ಯಾಚಿನ ಕಾಮೆಂಟರಿ ಕೇಳುತ್ತ ಒಲೆಯ ಮೇಲಿನ ಹಾಲು ಉಕ್ಕಿಸಿ ಬೈಸಿಕೊಂಡವಳು. ಬೇಸ್‌ಬಾಲ್ ಮಾತ್ರ ಗೊತ್ತಿರಲಿಲ್ಲ. ಅನಘಾ ವಿವರಿಸಿದಳು. ಬ್ಯಾಟಿನವನ ಮೊಣಕಾಲಿನಿಂದ ಎದೆಯವರೆಗೆ ಕಣ್ಣಿಗೆ ಕಾಣದ ಒಂದು ಚೌಕಟ್ಟು. ಎಸೆದ ಚೆಂಡು ಅದರೊಳಗೆ ಬಂದಾಗ ಬಿಟ್ಟರೂ, ಬೀಸಿ ತಪ್ಪಿದರೂ ಒಂದು ಸ್ಟ್ರೈಕ್. ಮೂರು ಸ್ಟ್ರೈಕಾದರೆ ಔಟ್. ಚೌಕಟ್ಟಿನ ಹೊರಗೆ ಬಂದ ಚೆಂಡನ್ನು ನಾಲ್ಕು ಸಲ ಬಿಟ್ಟರೆ, ಹೊಡೆಯದೆಯೇ ಮೊದಲನೆಯ ಬೇಸಿಗೆ ಪುಕ್ಕಟೆ ನಡೆದು ಹೋಗಬಹುದು. ಹೀಗೆ ಮೂರು ಬೇಸು ಮುಟ್ಟಿ, ಬ್ಯಾಟು ಹಿಡಿದು ನಿಂತ ಜಾಗಕ್ಕೇ ಮರಳಿದರೆ ಒಂದು ರನ್.

ಇದರಿಂದಲೇ ಜಗಳ. ಒಳ್ಳೆಯ ಚೆಂಡು ಕಂಡ ಕೂಡಲೇ ಹೊಡೆಯಬೇಕು ಎನ್ನುವವರು ಕೆಲವರು. ಬಿಡಿ, ಎಸೆಯುವವನನ್ನು ದಣಿಸಿ, ಪುಕ್ಕಟೆ ಸಿಗುವ ಬೇಸನ್ನು ತೆಗೆದುಕೊಳ್ಳಿ ಎನ್ನುವವರು ಇನ್ನು ಕೆಲವರು. ಶ್ರೀಕಾಂತ ಎರಡನೆಯ ಪಂಗಡದವನು. ಇಪ್ಪತ್ತು ವರ್ಷ ವಾಲ್ಟರ್ ಹೊಡೆಯಲಿ ಎಂದರೆ ಶ್ರೀಕಾಂತ ಕಾಯಲಿ ಎನ್ನುತ್ತಿದ್ದ. ತಂಡ ಆತನ ಮಾತು ಕೇಳಿದಂತೆ ಆಡತೊಡಗಿದ್ದು ಈ ವರ್ಷ. ಹುಡುಗರೆಲ್ಲ ಬ್ಯಾಟು ಹೆಗಲಿಗಿಟ್ಟು ಕಾಯುತ್ತಾರೆ, ಕಾಯುತ್ತ ಕಾಯುತ್ತ ಮೂರನೆಯ ಸ್ಟ್ರೈಕನ್ನೂ ನೋಡಿ ಔಟಾಗುತ್ತಾರೆ. ಸಾಲು ಸಾಲಾಗಿ ಸೋತಿದ್ದಾರೆ.

"ಅವರು ಇರಬೇಕಿತ್ತು. ನೋಡಿ ಏನಂತಿದ್ರೋ," ಎಂದಳು ಸುನಂದಾ, ಕಿಟಕಿಯ ಕಡೆ ತಿರುಗಿ. ಆ ಇರ್ಲಿ ಬಿಡು ಒಂದನ್ನು ಬಿಟ್ಟರೆ ದಾರಿಯಲ್ಲಿ ಅವಳು ಆಡಿದ್ದು ಅದೊಂದೇ ಮಾತು.

ಕ್ಯಾರೊಲಿನಾ: ಬೆಳಗಿನ ನುಚ್ಚು

ಕಾಲೇಜಿನ ಊರಿನ ಹೋಟೆಲಿನಲ್ಲಿ ಬೆಳಿಗ್ಗೆ ತಿನ್ನಲು ಗ್ರಿಟ್ಸ್ ಎಂದು ಕೊಟ್ಟರು. ಒಂದು ಚಮಚ ಬಾಯಿಗಿಟ್ಟೆ. ನಮ್ಮ ನುಚ್ಚು! ಜೋಳದ ಬದಲು ಮೆಕ್ಕೆಜೋಳ, ಅಷ್ಟೇ. ಮೊಸರಿದೆಯೇ ಎಂದು ಬಡಿಸುವ ಹೆಂಗಸನ್ನು ಕೇಳಿದೆ. ಆಕೆ ಹಣ್ಣು ಬೆರೆಸಿದ ಸಿಹಿ ಮೊಸರು ತಂದಳು. ನಾನು ಅದನ್ನೇ ಕಲಸಿದ್ದನ್ನು ನೋಡಿ ಆಕೆಗೆ ನನ್ನ ಬಗ್ಗೆ ಕನಿಕರ ಬಂತು.

ಆದರೂ ಆಕೆಯ ಮನಸ್ಸು ನನ್ನ ತಟ್ಟೆಯ ಮೇಲಿರಲಿಲ್ಲ. ಪಕ್ಕದ ಮೇಜಿನ ಇಬ್ಬರು ಮುದುಕರ ಮಾತಿಗೆ ಕಿವಿಗೊಟ್ಟಿದ್ದಳು. ಬ್ಯಾಟಿಂಗ್ ಹೇಳಿಕೊಡುವವನನ್ನು ತೆಗೆಯಬೇಕು ಎಂದ ಒಬ್ಬ. ಅವನೇನು ಮಾಡಿಯಾನು, ಹುಡುಗರಿಗೆ ಧೈರ್ಯವಿಲ್ಲ ಎಂದ ಇನ್ನೊಬ್ಬ. ಕಾಫಿ ಸುರಿಯುತ್ತಿದ್ದವಳು ತಡೆಯದೆ ಬಾಯಿ ಹಾಕಿದಳು: "ಸೋಲುವ ಭಯ ಇರುವವನೇ ಬಿಟ್ಟುಬಿಟ್ಟು ನೋಡುತ್ತಾನೆ. ನನ್ನ ಗಂಡನೂ ಹಾಗೆಯೇ." ಇಬ್ಬರೂ ಮುದುಕರು ಗೋಣು ಹಾಕಿದರು. ಹುಬ್ಬಳ್ಳಿಯ ಚಹಾದಂಗಡಿಯ ಮುಂದೆ ಭಾರತ ಸೋತ ಮರುದಿನ ನಡೆಯುವ ಮಾತು ಇದೇ. ಭಾಷೆ ಬೇರೆ, ಸಂಕಟ ಅದೇ.

ಸುನಂದಾ ತಟ್ಟೆ ಮುಟ್ಟಿರಲಿಲ್ಲ.

ಕ್ಯಾರೊಲಿನಾ: ಹಸಿರು ಕುರ್ಚಿಗಳು

ಮಧ್ಯಾಹ್ನದ ಆಟ. ತಂಡ ಸೋಲುತ್ತಿದ್ದುದರಿಂದ ಕುರ್ಚಿಗಳು ಅರ್ಧ ಖಾಲಿ. ನಾವು ಮೆಟ್ಟಿಲು ಇಳಿದು ಹೋದಾಗ ಎತ್ತರದ ಒಬ್ಬ ಮುದುಕರು ಎದ್ದು ನಿಂತು ಟೋಪಿ ತೆಗೆದರು. ಅವರೇ ವಾಲ್ಟರ್. ಔಷಧಿ ಅಂಗಡಿ ನಡೆಸಿ ಈಗ ವಿಶ್ರಾಂತಿಯಲ್ಲಿರುವವರು. ಪಕ್ಕದಲ್ಲಿ ಅವರ ಹೆಂಡತಿ ಡಾರ್ಲೀನ್.

"ಬಂದಿರಲ್ಲ, ಮ್ಯಾಮ್," ಎಂದರು ವಾಲ್ಟರ್. ಅವರಾಡಿದ್ದು ಇಂಗ್ಲಿಷು, ಆ ಕಡೆಯವರ ಎಳೆದೆಳೆದು ಮಾತಾಡುವ ಇಂಗ್ಲಿಷು. ನಾನು ನನ್ನ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಸುನಂದಾ ತನ್ನ ಕುರ್ಚಿಯಲ್ಲಿ ಕುಳಿತಳು. ಅವಳಿಗೂ ವಾಲ್ಟರಿಗೂ ನಡುವೆ ಶ್ರೀಕಾಂತನ ಕುರ್ಚಿ. ಯಾರೂ ಕುಳಿತುಕೊಳ್ಳಲಿಲ್ಲ. ನಾನೂ ಅನಘಾಳೂ ಮುಂದಿನ ಸಾಲಿನಲ್ಲಿ ಕುಳಿತೆವು. ಡಾರ್ಲೀನ್ ಒಂದು ಕಾಗದದ ಚೀಲ ತೆಗೆದಳು. ಒಳಗೆ ಸಿಪ್ಪೆಸಹಿತ ಉಪ್ಪು ಹಾಕಿ ಕುದಿಸಿದ ಬಿಸಿ ಶೇಂಗಾ! ಏಳು ಸಮುದ್ರ ದಾಟಿ ಬಂದು ನಾನು ಕುದಿಸಿದ ಶೇಂಗಾ ತಿನ್ನುತ್ತೇನೆಂದು ಯಾರು ಅಂದುಕೊಂಡಿದ್ದರು? ವಾಲ್ಟರ್ ಒಂದು ಹಿಡಿ ತೆಗೆದುಕೊಂಡು, ರೂಢಿಯಂತೆ ಚೀಲವನ್ನು ಬಲಗಡೆ ಚಾಚಿದರು. ಖಾಲಿ ಕುರ್ಚಿಯ ಮೇಲೆ ಅವರ ಕೈ ಒಂದು ಕ್ಷಣ ನಿಂತಿತು. ಆಮೇಲೆ ಇನ್ನಷ್ಟು ಬಾಗಿ ಸುನಂದಾಳಿಗೆ ಕೊಟ್ಟರು. ಅವಳು ತನ್ನ ಬ್ಯಾಗಿನಿಂದ ಶೇಂಗಾ ಚಟ್ನಿಪುಡಿಯ ಡಬ್ಬಿ ತೆಗೆದು ಅವರ ಕೈಗಿಟ್ಟಳು. ಶ್ರೀಕಾಂತ ಪ್ರತಿ ವರ್ಷ ಅವರಿಗೆ ಅದನ್ನು ತರುತ್ತಿದ್ದನಂತೆ. ಕುರ್ಚಿ ಬಿಟ್ಟು ಕೊಡುವ ಮಾತನ್ನು ಅವಳು ಇನ್ನೂ ಎತ್ತಿರಲಿಲ್ಲ.

ಆಟ ಶುರುವಾಯಿತು, ಒಂಬತ್ತು ಸುತ್ತಿನದು. ನಮ್ಮ ತಂಡದ ಒಬ್ಬ ಹುಡುಗ ಬ್ಯಾಟು ಹಿಡಿದು ಬಂದ. ಚೆಂಡು ಬಂತು, ಬಿಟ್ಟ. ಇನ್ನೊಂದು ಬಂತು, ಅದನ್ನೂ ಬಿಟ್ಟ. ಎಂಥ ಸ್ಥಿರವಾದ ತಲೆ, ಎಂಥ ಕಾಲು! ಕ್ರಿಕೆಟ್ಟಿನಲ್ಲಿ ಹೀಗೆ ಚೆಂಡು ಬಿಡುವವರನ್ನು ನೋಡುವುದೇ ನನಗೆ ಒಂದು ಸುಖ. ಶ್ರೀಕಾಂತನೂ ನಾನೂ ಫೋನಿನಲ್ಲಿ ಅದನ್ನೇ ಗಂಟೆಗಟ್ಟಲೆ ಮಾತಾಡಿದ್ದೇವೆ. ಮತ್ತೊಂದು ಚೆಂಡು ನೇರವಾಗಿ ಬಂತು. ಹುಡುಗ ಮೈಯಲ್ಲಿ ಒಂದು ಕೂದಲೂ ಅಲುಗದಂತೆ ನಿಂತು ಬಿಟ್ಟ. ನಾನು ಎದ್ದು ನಿಂತು, "ವೆಲ್ ಲೆಫ್ಟ್!" ಎಂದು ಕೂಗಿ ಚಪ್ಪಾಳೆ ತಟ್ಟಿದೆ.

ಇಡೀ ಗ್ಯಾಲರಿಯಲ್ಲಿ ನನ್ನೊಬ್ಬಳದೇ ಚಪ್ಪಾಳೆ. ಅದು ಮೂರನೆಯ ಸ್ಟ್ರೈಕು. ಹುಡುಗ ತಲೆ ತಗ್ಗಿಸಿ ಹೊರಗೆ ಹೋಗುತ್ತಿದ್ದ. ಅನಘಾ ನನ್ನ ಸೆರಗು ಹಿಡಿದು ಕೂರಿಸಿದಳು. ಸುತ್ತಲಿನವರು ನನ್ನನ್ನು ಎದುರು ತಂಡದವಳೆಂದೇ ತಿಳಿದರು. ವಾಲ್ಟರ್ ಮಾತ್ರ ಕಣ್ಣಲ್ಲಿ ನೀರು ಬರುವಂತೆ ನಕ್ಕರು. "ಇವರು ಶ್ರೀ ಅವರ ಮನೆಯವರೇ, ಸಂಶಯವಿಲ್ಲ," ಎಂದು ಎಲ್ಲರಿಗೂ ಹೇಳಿದರು.

ಹಿಂದಿನ ಸಾಲಿನ ಗಡ್ಡದವನೊಬ್ಬನಿಗೆ ನಗು ಬರಲಿಲ್ಲ. "ಬ್ಯಾಟೇನು ಹೆಗಲಿಗೆ ಅಂಟಿಕೊಂಡಿದೆಯೇ? ಬೀಸ್ರೋ!" ಎಂದು ಮೈದಾನಕ್ಕೆ ಕೂಗಿದ.

ವಾಲ್ಟರ್ ತಿರುಗಿದರು. "ಕಾಯಲಿ ಬಿಡು. ಎಸೆಯುವವನು ದಣಿಯುತ್ತಿದ್ದಾನೆ. ಆರನೆಯ ಸುತ್ತಿನಲ್ಲಿ ನೋಡು."

"ನೀನಾ ಹೇಳುವುದು? ಹೊಡೀರಿ ಹೊಡೀರಿ ಎಂದು ಇಷ್ಟು ವರ್ಷ ನಮ್ಮ ತಲೆ ತಿಂದವನು ನೀನು. ಈಗ ನಿನ್ನ ಮಾತೇ ನಿಜವಾಯಿತು. ಅಂಥದ್ದರಲ್ಲಿ ಪಕ್ಷ ಬದಲಿಸಿದೆಯಲ್ಲ ಮಾರಾಯ!"

"ಅವರು ಚೆಂಡನ್ನು ಸರಿಯಾಗಿಯೇ ಗುರುತಿಸುತ್ತಿದ್ದಾರೆ," ಎಂದರು ವಾಲ್ಟರ್, ಮುಖ ಗಂಟಿಕ್ಕಿಕೊಂಡು. "ಅಂಪೈರಿನ ಚೌಕಟ್ಟು ದೊಡ್ಡದಾಗಿದೆ."

"ಅಂಪೈರನ್ನು ಬೈಯಲು ಬಂದೆಯಾ? ಬೇಸಿನ ಮೇಲಿದ್ದವನನ್ನು ಮುಂದೆ ತಳ್ಳಲು ಚೆಂಡಿಗೆ ಬ್ಯಾಟನ್ನು ಮೆಲ್ಲಗೆ ಮುಟ್ಟಿಸಿದರೂ ಸಾಕಿತ್ತು!" ಎಂದು ಇನ್ನೊಬ್ಬ ಸೇರಿಕೊಂಡ. ನಾಲ್ಕು ಸಾಲಿನವರೂ ಸೇರಿಕೊಂಡರು. ಕಾಯುವವರ ಪಂಗಡದಲ್ಲಿ ವಾಲ್ಟರ್ ಒಬ್ಬರೇ.

ಡಾರ್ಲೀನ್ ಮುಂದೆ ಬಾಗಿ ನನ್ನ ಕಿವಿಯಲ್ಲಿ ಹೇಳಿದಳು: "ಋತು ಶುರುವಾದಾಗಿನಿಂದ ಹೀಗೆಯೇ. ಮನೆಯಲ್ಲಿ ಟಿವಿಯ ಮುಂದೆ ಇನ್ನೂ ಹೊಡೆಯಿರಿ ಎಂದೇ ಕೂಗುತ್ತಾರೆ. ಇಲ್ಲಿ ಬಂದು ಕುಳಿತರೆ ಶ್ರೀ ಅವರ ಮಾತು. ಯಾಕೆಂದು ಕೇಳಿದೆ. ಆ ಕುರ್ಚಿಯ ಪರವಾಗಿ ಯಾರಾದರೂ ಮಾತಾಡಬೇಕಲ್ಲ ಎಂದರು."

ಹಿಂತಿರುಗಿ ಸುನಂದಾಳನ್ನು ನೋಡಿದೆ. ಅವಳು ಶೇಂಗಾ ಸುಲಿಯುತ್ತ ಕುಳಿತಿದ್ದಳು. ಕಾಳು ತಿನ್ನುತ್ತಿರಲಿಲ್ಲ, ಸುಲಿಯುತ್ತಿದ್ದಳು ಅಷ್ಟೇ.

ಆರನೆಯ ಸುತ್ತಿನಲ್ಲಿ ನಮ್ಮವರಿಬ್ಬರು ಬೇಸುಗಳ ಮೇಲೆ ನಿಂತಿದ್ದರು. ಒಂದು ಒಳ್ಳೆಯ ಹೊಡೆತ ಸಾಕಿತ್ತು. ಬ್ಯಾಟಿನ ಹುಡುಗ ಎರಡು ಸ್ಟ್ರೈಕುಗಳನ್ನು ನೋಡಿ ಬಿಟ್ಟಿದ್ದ. ಜನ ಬೀಸು ಬೀಸು ಎಂದು ಗೋಗರೆಯುತ್ತಿದ್ದರು. ವಾಲ್ಟರ್ ಖಾಲಿ ಕುರ್ಚಿಯ ಹಿಡಿಯ ಮೇಲೆ ಕೈಯಿಟ್ಟು, ಯಾರಿಗೋ ಸಮಾಧಾನ ಹೇಳುವವರಂತೆ ಹೇಳಿದರು:

"ಅವಸರ ಬೇಡ. ಇನ್ನೊಂದು ನೋಡೋಣ. ಶ್ರೀ ಯಾವಾಗಲೂ ಅದನ್ನೇ ಹೇಳುತ್ತಿದ್ದರು, ಇನ್ನೊಂದು ನೋಡೋಣ."

ಚೆಂಡು ನಡುಮಧ್ಯೆ ಬಂತು. ಹುಡುಗ ಅದನ್ನೂ ನೋಡಿದ. ಔಟ್.

ಸುನಂದಾ ಎದ್ದು ನಿಂತಳು. ಮಡಿಲಿನ ಸಿಪ್ಪೆಯೆಲ್ಲ ನೆಲಕ್ಕೆ ಬಿತ್ತು.

"ನೋಡೂಣು! ನೋಡೂಣು! ಇನ್ನ ಎಷ್ಟು ನೋಡ್ತೀರಿ?" ಅವಳು ಕೂಗಿದ್ದು ಮೈದಾನದ ಕಡೆಗಲ್ಲ, ಆ ಹಸಿರು ಕುರ್ಚಿಗೆ. "ಇಡೀ ಮುಂಜಾನಿ ನೋಡೂಣು ನೋಡೂಣು ಅಂದ್ರಿ! ಗ್ಯಾಸ್ ಅದ ಅಂದ್ರಿ! ನಾ ಡಾಕ್ಟರ್ ಇದ್ದೀನಿ, ನಾನೂ ನಿಮ್ಮ ಮಾತು ಕೇಳ್ಕೋತ ಕೂತೆ! ನನಗ ಗೊತ್ತಿತ್ತು ರೀ, ಗೊತ್ತಿದ್ದೂ ಕೂತೆ!"

ಕನ್ನಡ ಯಾರಿಗೂ ತಿಳಿಯಲಿಲ್ಲ. ಆದರೆ ನಾಲ್ಕು ಸಾಲಿನವರೂ ಇತ್ತ ತಿರುಗಿದರು. ಗಡ್ಡದವನು ಟೋಪಿ ತೆಗೆದು ಮೊಣಕಾಲಿನ ಮೇಲಿಟ್ಟುಕೊಂಡ. ಸುನಂದಾ ವಾಲ್ಟರ್ ಕಡೆ ತಿರುಗಿ ಇಂಗ್ಲಿಷಿನಲ್ಲಿ ಹೇಳಿದಳು, ಆ ಭಾನುವಾರದ್ದೆಲ್ಲ. ಕಡೆಗೆ, "ಎಲ್ಲರೂ ಅವರ ತಾಳ್ಮೆಯನ್ನು ಹೊಗಳುತ್ತಾರೆ. ನನಗೆ ಆ ತಾಳ್ಮೆಯನ್ನು ಕಂಡರೆ ಮೈಯೆಲ್ಲ ಉರಿಯುತ್ತದೆ. ಇದನ್ನು ಯಾರಿಗೆ ಹೇಳಲಿ?" ಎಂದಳು.

ಇಂಥ ಹೊತ್ತಿನಲ್ಲಿ ಹೇಳುವ ಮಾತು ನಮ್ಮಲ್ಲಿ ಬೇಕಾದಷ್ಟಿವೆ. ಹಣೆಬರಹ ಎನ್ನುತ್ತೇವೆ, ನಿನ್ನ ತಪ್ಪಲ್ಲ ಎನ್ನುತ್ತೇವೆ. ವಾಲ್ಟರ್ ಅದೊಂದನ್ನೂ ಹೇಳಲಿಲ್ಲ. ಕೈಯಲ್ಲಿನ ಚಟ್ನಿಪುಡಿಯ ಡಬ್ಬಿಯನ್ನು ಕಾಲ ಬಳಿ ಇಟ್ಟು ಅವಳ ಕಡೆ ತಿರುಗಿದರು.

"ಇಲ್ಲಿ ಹೇಳಿ, ಮ್ಯಾಮ್," ಎಂದರು. "ಇಪ್ಪತ್ತು ವರ್ಷ ನಾನು ಇಲ್ಲಿ ಕುಳಿತು ಅವರಿಗೆ 'ನೀವು ಹೇಳುವುದು ತಪ್ಪು' ಎಂದು ಮುಖದ ಮೇಲೇ ಹೇಳಿದ್ದೇನೆ. ಒಂದು ದಿನವೂ ಬೇಸರ ಮಾಡಿಕೊಳ್ಳಲಿಲ್ಲ. ಆ ಕುರ್ಚಿಗೆ ಬೈಸಿಕೊಂಡು ರೂಢಿಯಿದೆ."

ಸುನಂದಾ ಕುಳಿತು ಅತ್ತಳು. ಬಾಯಿಗೆ ಸೆರಗು ಒತ್ತಿಕೊಂಡಲ್ಲ, ಜೋರಾಗಿ, ನಮ್ಮೂರಿನ ಹೆಂಗಸರು ಅಳುವ ಹಾಗೆ. ಡಾರ್ಲೀನ್ ಎದ್ದು ಬಂದು ಅವಳ ಬೆನ್ನ ಮೇಲೆ ಕೈಯಿಟ್ಟಳು. ಅನಘಾ ಕುರ್ಚಿಯ ಸಾಲು ದಾಟಿ ಹೋಗಿ ಅಮ್ಮನ ಕಾಲ ಬಳಿ ನೆಲದ ಮೇಲೆಯೇ, ಶೇಂಗಾ ಸಿಪ್ಪೆಯ ನಡುವೆ ಕುಳಿತಳು. "ಅಮ್ಮ, ನನಗೂ ಸಿಟ್ಟು ಇದೆ," ಎಂದಳು. "ಅಪ್ಪನ ಮೇಲೆ. ನಿನ್ನ ಮೇಲೂ ಸ್ವಲ್ಪ."

"ಇರ್ಲಿ," ಎಂದಳು ಸುನಂದಾ ಅವಳ ತಲೆ ಸವರುತ್ತ. "ಇರ್ಲಿ ಬಾ."

ಏಳನೆಯ ಸುತ್ತಿನ ನಡುವೆ ಇದ್ದಕ್ಕಿದ್ದಂತೆ ಎಲ್ಲರೂ ಎದ್ದು ನಿಂತು ಹಾಡತೊಡಗಿದರು. ರಾಷ್ಟ್ರಗೀತೆಯೆಂದು ನಾನು ನೆಟ್ಟಗೆ ನಿಂತೆ. ಅದು ಮೈ ಮುರಿಯಲು ಎದ್ದು ಹಾಡುವ ಹಾಡಂತೆ, ಪ್ರತಿ ಆಟದಲ್ಲಿಯೂ ಉಂಟಂತೆ. ಹಾಡು ಮುಗಿದು ಎಲ್ಲರೂ ಕುಳಿತ ಮೇಲೆ ನಮ್ಮ ತಂಡದ ಹೊಸ ಹುಡುಗ ಬ್ಯಾಟು ಹಿಡಿದು ಬಂದ. ಮೊದಲ ಚೆಂಡು ಎಸೆಯುವ ಮೊದಲೇ ಹಿಂದಿನಿಂದ ಒಂದು ಧ್ವನಿ ಬಂತು: "ಹೊಡಿಯೋ!"

ನನ್ನ ತಂಗಿಯ ಧ್ವನಿ. ಅಳು ಕಟ್ಟಿದ ಮೂಗಿನ ಧ್ವನಿ.

"ಕಾಯಲಿ," ಎಂದರು ವಾಲ್ಟರ್ ಮೆಲ್ಲಗೆ.

ಹುಡುಗ ಕಾಯಲೂ ಇಲ್ಲ, ಸರಿಯಾಗಿ ಹೊಡೆಯಲೂ ಇಲ್ಲ. ಆ ಆಟವನ್ನು ನಾವು ಸೋತೆವು. ಎಲ್ಲರೂ ಎದ್ದು ಹೋಗುವಾಗ ನಾನು ಆ ಕುರ್ಚಿಯ ಫೋಟೊ ತೆಗೆದುಕೊಂಡೆ. ಮೆಟ್ಟಿಲು ಹತ್ತುತ್ತ ಸುನಂದಾ ಕೇಳಿದಳು, "ಮಂಗಳವಾರ ಇವರ ಆಟ ಅಟ್ಲಾಂಟಾದಾಗ ಅದ ಅಂತ. ಹೋಗೂಣೇನು ಅಕ್ಕಾ?"

ಬಂದ ಕೆಲಸ ಏನಾಯಿತು ಎಂದು ನಾನು ಕೇಳಲಿಲ್ಲ.

ಅಟ್ಲಾಂಟಾ

ಅಟ್ಲಾಂಟಾದಲ್ಲಿ ರಸ್ತೆಗಳು ಎಷ್ಟು ಅಗಲವೋ ಕಾರುಗಳು ಅಷ್ಟೇ ನಿಧಾನ. ಮೈದಾನದ ಆಚೆ ಊರಿನ ಎತ್ತರದ ಕಟ್ಟಡಗಳು ಕಾಣುತ್ತಿದ್ದವು. ಇದು ಎದುರು ತಂಡದ ಜಾಗ, ನಮ್ಮವರು ಬೆರಳೆಣಿಕೆಯಷ್ಟು. ಸ್ವಂತ ಕುರ್ಚಿಗಳಿಲ್ಲದ್ದರಿಂದ ಸಿಕ್ಕಲ್ಲಿ ಕುಳಿತೆವು. ವಾಲ್ಟರ್ ತಮ್ಮ ಬಲಗಡೆಗೆ ಒಂದು ಕುರ್ಚಿ ಬಿಟ್ಟೇ ಕುಳಿತರು. ಅದರಾಚೆ ಸುನಂದಾ.

ಅವತ್ತು ಮೊದಲ ಚೆಂಡಿನಿಂದಲೇ ಇಬ್ಬರಿಗೂ ಹತ್ತಿಕೊಂಡಿತು. ನನ್ನ ತಂಗಿಗೆ ಆಟ ಇಷ್ಟು ಗೊತ್ತಿದೆಯೆಂದು ನನಗೆ ಗೊತ್ತಿರಲಿಲ್ಲ. ಇಪ್ಪತ್ತು ವರ್ಷ ಗಂಡನ ಪಕ್ಕದಲ್ಲಿ ಕುಳಿತು, ಹೆಣಿಗೆ ಹಾಕುತ್ತಲೋ ಪತ್ರಿಕೆ ಓದುತ್ತಲೋ, ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಮನಸ್ಸಿನಲ್ಲಿ ಯಾವಾಗಲೂ ವಾಲ್ಟರ್ ಕಡೆಗೇ ಇದ್ದಳಂತೆ.

"ನೀವೇ ಹೇಳುತ್ತಿದ್ದಿರಿ, ಮೊದಲ ಚೆಂಡೇ ಹೆಚ್ಚಾಗಿ ಒಳ್ಳೆಯ ಚೆಂಡು ಎಂದು!" ಎಂದಳು.

"ಹೇಳುತ್ತಿದ್ದೆ. ಶ್ರೀ ಒಪ್ಪುತ್ತಿರಲಿಲ್ಲ," ಎಂದರು ವಾಲ್ಟರ್.

"ಅವರು ಯಾಕೆ ಒಪ್ಪುತ್ತಿರಲಿಲ್ಲ, ಹೇಳಿ ನೋಡೋಣ."

ವಾಲ್ಟರ್ ಹೇಳಲು ಹೊರಟು ತಡವರಿಸಿದರು. ಪಾಪ, ಇಷ್ಟು ವರ್ಷ ಮುರಿಯುತ್ತ ಬಂದ ವಾದವನ್ನು ಈಗ ಕಟ್ಟಬೇಕಾಗಿತ್ತು. ನನಗೆ ತಡೆಯಲಾಗಲಿಲ್ಲ. ಎಸೆಯುವವನ ತೋಳು, ದಣಿವು, ಸಂಭವದ ಲೆಕ್ಕ ಎಲ್ಲ ಸೇರಿಸಿ, ಶ್ರೀಕಾಂತ ಫೋನಿನಲ್ಲಿ ಕ್ರಿಕೆಟ್ಟಿನ ಬಗ್ಗೆ ನನಗೆ ಹೇಳುತ್ತಿದ್ದ ಹಾಗೆಯೇ ಹೇಳಿದೆ. ವಾಲ್ಟರ್ ನನ್ನ ಕೈ ಕುಲುಕಿದರು. ಸುನಂದಾ ನನ್ನನ್ನು ದುರುಗುಟ್ಟಿ ನೋಡಿದಳು. ಹತ್ತು ವರ್ಷದವಳಾಗಿದ್ದಾಗ ನನ್ನ ಜಡೆ ಹಿಡಿಯುವ ಮೊದಲು ನೋಡುತ್ತಿದ್ದ ಹಾಗೆಯೇ. ನನಗೆ ಎಷ್ಟು ಸಂತೋಷವಾಯಿತೆಂದು ಹೇಳಲಾರೆ.

ಕೊನೆಯ ಸುತ್ತು. ನಮ್ಮವರು ಎರಡು ರನ್ ಹಿಂದೆ. ಮೂರೂ ಬೇಸುಗಳಲ್ಲಿ ನಮ್ಮ ಹುಡುಗರು ನಿಂತಿದ್ದರು, ಇನ್ನೊಬ್ಬ ಔಟಾದರೆ ಆಟ ಮುಗಿಯುತ್ತಿತ್ತು. ಬ್ಯಾಟಿನವನಿಗೆ ಎರಡು ಸ್ಟ್ರೈಕು ಆಗಿತ್ತು, ಮೂರು ಚೆಂಡು ಹೊರಗೆ ಹೋಗಿತ್ತು. ಈಗಿನ ಚೆಂಡು ಚೌಕಟ್ಟಿನೊಳಗೆ ಬಂದು, ಹುಡುಗ ಅದನ್ನು ಹೊಡೆಯದೆ ಬಿಟ್ಟರೆ ಸೋಲು. ಹೊರಗೆ ಹೋಗುವುದನ್ನು ಬಿಟ್ಟರೆ ಅವನು ಪುಕ್ಕಟೆ ಬೇಸಿಗೆ ನಡೆಯುತ್ತಾನೆ, ಎಲ್ಲರೂ ಒಂದೊಂದು ಬೇಸು ಮುಂದೆ ಸರಿದು ಒಂದು ರನ್ ಬರುತ್ತದೆ.

"ಹೊಡಿ, ಹೊಡಿ, ಹೊಡಿ," ಎನ್ನುತ್ತಿದ್ದಳು ಸುನಂದಾ, ಎರಡೂ ಕೈ ಮುಷ್ಟಿ ಕಟ್ಟಿ.

"ಇನ್ನೊಂದು ನೋಡೋಣ," ಎಂದರು ವಾಲ್ಟರ್.

ಚೆಂಡು ಬಂತು. ಬ್ಯಾಟು ಅಲುಗಲಿಲ್ಲ. ಹಿಡಿಯುವವನ ಕೈಗವಸಿಗೆ ಅದು ಬಡಿದ ಸದ್ದು ನಮ್ಮಲ್ಲಿಗೆ ಕೇಳಿಸಿತು. ಎಲ್ಲರೂ ಅಂಪೈರಿನ ಕೈ ನೋಡಿದರು. ಸ್ಟ್ರೈಕೆಂದು ಎತ್ತುವ ಕೈ ಮೇಲೆ ಬರಲಿಲ್ಲ.

ಹುಡುಗ ಬ್ಯಾಟು ಮೆಲ್ಲಗೆ ನೆಲಕ್ಕೆ ಹಾಕಿ ಮೊದಲನೆಯ ಬೇಸಿಗೆ ನಡೆದ. ಓಡಲೂ ಇಲ್ಲ. ಮೂರನೆಯ ಬೇಸಿನವನು ಹೊರಟ ಜಾಗಕ್ಕೆ ಮರಳಿ ಬಂದ, ಒಂದು ರನ್. ವಾಲ್ಟರ್ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಿದ್ದರು. ಸುನಂದಾ ತನ್ನ ಎಡಗಡೆಯ ಖಾಲಿ ಕುರ್ಚಿಗೆ ತಿರುಗಿ ಮೆಲ್ಲಗೆ ಹೇಳಿದಳು:

"ಆತ್ರೀ. ಇದೊಂದು ಸಲ ನೀವು ಅಂದದ್ದ ಖರೇ."

ವಾಲ್ಟರ್ ಕಣ್ಣೊರೆಸಿಕೊಂಡು ಏನೆಂದು ಕೇಳಿದರು. ಅನಘಾ ಹೇಳಿದಳು. ಮುಂದಿನ ಹುಡುಗ ಜೋರಾಗಿ ಬೀಸಿ ಔಟಾದ, ಆಟ ಒಂದು ರನ್ನಿನಿಂದ ಹೋಯಿತು. ಸೋತ ತಂಡದ ಜನ ನಾವು ಸುಮ್ಮನೆ ಎದ್ದೆವು.

ಕಾರುಗಳ ಬಳಿ ಬಂದಾಗ ವಾಲ್ಟರ್ ಟೋಪಿ ತಿರುವುತ್ತ ನಿಂತರು. "ಆ ಕುರ್ಚಿಗಳನ್ನು ಬಿಟ್ಟು ಕೊಡಲು ಬಂದಿದ್ದೀರೇನೋ ಎಂದು ಡಾರ್ಲೀನಿಗೆ ಅನ್ನಿಸಿದೆ," ಎಂದರು.

"ಅದಕ್ಕೇ ಬಂದಿದ್ದೆ. ಬಿಡುವುದಿಲ್ಲ," ಎಂದಳು ಸುನಂದಾ. "ಆದರೆ ಮುಂದಿನ ವರ್ಷವೂ ನಾನು ಹೊಡೆಯುವವರ ಕಡೆ. ನೀವು ಅವರ ಕಡೆಯೇ ಇರಬೇಕು. ಅವರ ಪರವಾಗಿ ಮಾತಾಡುವವರು ಇಲ್ಲದಿದ್ದರೆ ನಾನು ಯಾರ ಜೊತೆ ಜಗಳವಾಡಲಿ?"

"ಕಷ್ಟದ ಕೆಲಸ ಕೊಟ್ಟಿರಿ, ಮ್ಯಾಮ್," ಎಂದರು ವಾಲ್ಟರ್. ಆಮೇಲೆ ಅವಳ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

ಮರಳುವ ದಾರಿಯಲ್ಲಿ ಕ್ಯಾರೊಲಿನಾ ಬಂದಾಗ ರೇಡಿಯೊ ಮತ್ತೆ ಮಾತಾಡತೊಡಗಿತು. ಯಾರೋ ಒಬ್ಬ ಆ ಕೊನೆಯ ಸುತ್ತನ್ನೇ ಎತ್ತಿಕೊಂಡು, ನೋಡಿದಿರಾ, ಕಾದದ್ದಕ್ಕೇ ರನ್ ಬಂತು ಎಂದ. ಸ್ಟೀರಿಂಗ್ ಹಿಡಿದಿದ್ದ ಸುನಂದಾ, "ಒಂದ್ ರನ್ ಬಂತು, ಆಟ ಹೋತಲ್ಲ!" ಎಂದು ರೇಡಿಯೊಗೆ ಜೋರು ಮಾಡಿದಳು. ಅವನು ಹೇಳಿದ್ದಕ್ಕೆಲ್ಲ ಇವಳದು ಒಂದೊಂದು ಉತ್ತರ. ಹಿಂದಿನ ಸೀಟಿನಲ್ಲಿ ಅನಘಾ ನಕ್ಕು ನಕ್ಕು ನಿದ್ದೆ ಹೋದಳು. ಊರು ಹಿಂದಾದಂತೆ ಮಾತು ತುಂಡು ತುಂಡಾಗಿ, ಕಡೆಗೆ ಗೊರಗೊರ ಎಂದು ಸ್ಟೇಷನ್ನು ಕೈಬಿಟ್ಟಿತು. ನನ್ನ ತಂಗಿ ಜಗಳ ನಿಲ್ಲಿಸಲಿಲ್ಲ. ಪೈನ್ ಮರಗಳ ನಡುವೆ ಬಹಳ ದೂರದವರೆಗೆ, ಒಮ್ಮೆ ಬೈಯುತ್ತ, ಒಮ್ಮೆ ನಗುತ್ತ, ಮಾತಾಡುತ್ತಲೇ ಕಾರು ಓಡಿಸಿದಳು. ಯಾರ ಜೊತೆ ಎಂದು ನಾನು ಕೇಳಲಿಲ್ಲ.